ಹಳದಿ ಬಟ್ಟೆ ಬಿಚ್ಚಿದ ಮೇಲೆ

ಹೋದ ವಾರ ತರಕಾರಿ ಚೀಲ ಹಿಡಿದುಕೊಂಡು ನಮ್ಮ ಸೊಸೈಟಿಯ ಲಿಫ್ಟು ಹತ್ತಿದ್ದೆ. ಬಾಗಿಲು ಮುಚ್ಚುವಷ್ಟರಲ್ಲಿ ಆರನೇ ಮಹಡಿಯ ಹುಡುಗಿ ಓಡಿ ಬಂದು ಒಳಗೆ ಸೇರಿಕೊಂಡಳು. ಅವಳ ಹಿಂದೆ ಮಳೆಯಲ್ಲಿ ತೊಯ್ದು ತೊಪ್ಪೆಯಾದ ಅವಳ ನಾಯಿ. ಒದ್ದೆ ನಾಯಿಯ ವಾಸನೆ ಯಾರಿಗೆ ತಾನೆ ಇಷ್ಟ? ನನಗಂತೂ ಅಲ್ಲ. ಗೋಡೆಗೆ ಒತ್ತಿಕೊಂಡು ನಿಂತೆ. ಆದರೆ ಆ ವಾಸನೆಯೊಳಗೆ ಇನ್ನೊಂದು ವಾಸನೆ ಇತ್ತು, ಬೇವಿನ ಸೊಪ್ಪಿನ ಕಹಿ ಘಾಟು. ಈಗ ನಾಯಿಗಳಿಗೂ ಬೇವಿನ ಶಾಂಪೂ ಬಂದಿದೆಯಂತೆ. ಲಿಫ್ಟು ಮೇಲಕ್ಕೆ ಹೊರಟಿತು. ನಾನು ಮಾತ್ರ ಇಪ್ಪತ್ತು ವರ್ಷ ಹಿಂದಕ್ಕೆ, ಪುಣೆಯ ಖಡಕಿಯ ಹತ್ತಿರದ ಒಂದು ಹಳೆಯ ಬಂಗಲೆಯ ಹಿತ್ತಲಿಗೆ ಹೋಗಿ ನಿಂತಿದ್ದೆ.

ಆ ಹಿತ್ತಲಿನಲ್ಲಿ ದಿನಕ್ಕೆ ಐದಾರು ಸಲ ಒಂದು ನಾಯಿಯ ಮೈ ಒರೆಸುತ್ತಿದ್ದವರೊಬ್ಬರಿದ್ದರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರನ್ನು ಯಾರಾದರೂ ಒಂದು ಮಾತು ಕೇಳಬೇಕಾಗಿತ್ತು. ಜನರ ಮನಸ್ಸಿನ ಮಾತು ಕೇಳುವುದೇ ಉದ್ಯೋಗವಾಗಿದ್ದ ಆ ಮನೆಯಲ್ಲಿ ಯಾರೂ ಅದನ್ನು ಕೇಳಲಿಲ್ಲ. ಬೇರೆಯವರದು ಇರಲಿ, ನಾನು ಕೇಳಲಿಲ್ಲ. ಕಥೆ ಇಷ್ಟೇ, ಉಳಿದದ್ದು ಅದು ಹೇಗಾಯಿತು ಎನ್ನುವುದು.

ತೊಂಬತ್ತರ ದಶಕದ ಕೊನೆ ಇರಬೇಕು. ಅಪ್ಪ ಧಾರವಾಡ ಬಿಟ್ಟು ಬಂದು ಖಡಕಿಯ ಆರ್ಡ್‌ನನ್ಸ್ ಫ್ಯಾಕ್ಟರಿಯಲ್ಲಿ ಕ್ಲರ್ಕಾಗಿದ್ದರು. ನಾನು ಬಿ.ಕಾಂ. ಮುಗಿಸಿ, ಟೈಪಿಂಗ್ ಕಲಿತು, ಮನೆಯಲ್ಲಿ ಅವ್ವನ ಕಣ್ಣಿಗೆ ಬೀಳುತ್ತ ಕೂತಿದ್ದೆ. ಆಗ ಸಿಕ್ಕಿದ್ದು ಡಾಕ್ಟರ್‌ಬಾಯಿಯ ಹತ್ತಿರದ ಕೆಲಸ. ಅವರು ಮರಾಠಿಯವರು, ಮನೋರೋಗದ ವೈದ್ಯೆ, ಐವತ್ತರ ಆಸುಪಾಸು. ಅತ್ತೆಯಿಂದ ಬಂದ ಬಂಗಲೆಯ ಮುಂದಿನ ಎರಡು ಕೋಣೆಗಳಲ್ಲೇ ಅವರ ಪ್ರ್ಯಾಕ್ಟೀಸು. ವರಾಂಡದಲ್ಲಿ ಬೆತ್ತದ ಕುರ್ಚಿಗಳು, ಒಂದು ಮೂಲೆಯಲ್ಲಿ ನನ್ನ ಟೇಬಲ್ಲು, ಅದರ ಮೇಲೆ ಕರಿಯ ಫೋನು, ಹಿಂದೆ ಫೈಲುಗಳ ಕಪಾಟು. ಕೆಲಸಕ್ಕೆ ಸೇರಿಸಿಕೊಳ್ಳುವಾಗ ಅವರು ಡಿಗ್ರಿ ಕೇಳಲಿಲ್ಲ, ಟೈಪಿಂಗ್ ಸ್ಪೀಡು ಕೇಳಲಿಲ್ಲ. ನಾಯಿ ಕಂಡರೆ ಭಯವೇ ಎಂದು ಮಾತ್ರ ಕೇಳಿದರು. ಇಲ್ಲ ಎಂದೆ. ಹಸಿ ಸುಳ್ಳು.

ಅವ್ವ ಹಣೆ ಹಣೆ ಬಡಿದುಕೊಂಡಳು. "ಮನಸು ಕೆಟ್ಟವರ ದವಾಖಾನ್ಯಾಗ ನೌಕರಿ, ಅದರ ಮ್ಯಾಲೆ ನಾಯಿ ಬ್ಯಾರೆ! ನಿನಗ ಬಿ.ಕಾಂ. ಓದ್ಸಿದ್ದು ಇದಕ್ಕೇನ?" ಎಂದಳು. ಸಂಜೆ ಮನೆಗೆ ಬಂದರೆ ಹೊರಗಿನ ನಳದಲ್ಲಿ ಕೈಕಾಲು ತೊಳೆದು, ಬಟ್ಟೆ ಬದಲಿಸಿಯೇ ಅಡುಗೆಮನೆಗೆ ಕಾಲಿಡಬೇಕು ಎನ್ನುವ ಕಾನೂನು ಬಂತು. ನಾಯಿಯನ್ನು ನಾನು ಮುಟ್ಟುವುದೇ ಇಲ್ಲ ಎಂದು ಎಷ್ಟು ಸಲ ಹೇಳಿದರೂ ಅವಳು ನಂಬಲಿಲ್ಲ. ಅದು ಮಾತ್ರ ನಿಜ. ಅಲ್ಲಿದ್ದಷ್ಟು ವರ್ಷದಲ್ಲಿ ಒಂದು ಸಲವೂ ನಾನು ಆ ನಾಯಿಯನ್ನು ಮುಟ್ಟಲಿಲ್ಲ.

ಮೊದಲ ದಿನ ನಾನು ಫೋನಿನಲ್ಲಿ ಯಾರ ಜೊತೆಗೋ ಮರಾಠಿಯಲ್ಲಿ ತಡವರಿಸುತ್ತಿದ್ದಾಗ ಅರವತ್ತು ದಾಟಿದ ಒಬ್ಬರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಸಣಕಲು ಮೈ, ಬಾಗದ ಬೆನ್ನು, ಇಸ್ತ್ರಿ ಮಾಡಿದ ಖಾಕಿ ಪ್ಯಾಂಟು. ಫೋನು ಇಟ್ಟ ಮೇಲೆ, "ತಂಗೀ, ನೀವು ನಮ್ಮ ಕಡ್ಯಾವ್ರೇನ?" ಎಂದರು. ಅವರೇ ಕಾಕಾ. ಅವರದು ವಿಜಾಪುರದ ಕಡೆ, ಇಂಡಿ ಹತ್ತಿರದ ಹಳ್ಳಿ. ಸೈನ್ಯದಲ್ಲಿ ನಾಯಿಗಳನ್ನು ಪಳಗಿಸುವ ಕೆಲಸ ಮಾಡಿ ನಿವೃತ್ತರಾಗಿದ್ದರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ, ಊರಲ್ಲಿ ಒಬ್ಬ ತಂಗಿ. ಖಡಕಿ ಬಜಾರಿನ ಒಂದು ಸಾಲುಮನೆಯ ಚಾಳಿನಲ್ಲಿ ಒಂದು ಕೋಣೆ ಹಿಡಿದು ಇದ್ದರು. ಅಂದಿನಿಂದ ಆ ಬಂಗಲೆಯಲ್ಲಿ ಕನ್ನಡ ಮಾತಾಡುವವರು ಇಬ್ಬರಾದೆವು. ಕನ್ನಡ ತಿಳಿಯುವವರು ಮೂವರು.

ಮೂರನೆಯದು ಶೇಂಗಾ. ಹುರಿದ ಶೇಂಗಾದ ಬಣ್ಣದ ನಾಟಿ ನಾಯಿ. ಒಂದು ಕಿವಿ ನಿಂತಿರುತ್ತಿತ್ತು, ಇನ್ನೊಂದು ಮಡಚಿಕೊಂಡಿರುತ್ತಿತ್ತು. ಖಡಕಿ ಸ್ಟೇಷನ್ನಿನ ಆಚೆ ಹಳಿಯ ಪಕ್ಕದಲ್ಲಿ ಮರಿಯಾಗಿ ಸಿಕ್ಕಿದ್ದಂತೆ. ಕಾಕಾ ಅದಕ್ಕೆ ಎಲ್ಲವನ್ನೂ ಕನ್ನಡದಲ್ಲೇ ಕಲಿಸಿದ್ದರು. ಯಾಕೆ ಎಂದು ಕೇಳಿದ್ದಕ್ಕೆ, "ನೌಕರಿ ತುಂಬ ಇಂಗ್ಲಿಷಿನ್ಯಾಗ ಹುಕುಂ ಕೊಟ್ಟು ಕೊಟ್ಟು ಬಾಯಿ ಸವದದ. ಇದರ ಕೂಡರೆ ನಮ್ಮ ಮಾತಿನ್ಯಾಗ ಮಾತಾಡ್ತೀನಿ ಬಿಡ್ರಿ," ಎಂದಿದ್ದರು. ಹೀಗಾಗಿ ಪುಣೆಯ ಮರಾಠಿ, ಗುಜರಾತಿ, ಸಿಂಧಿ ಪೇಶಂಟುಗಳೆಲ್ಲ ಬಾ, ಕೂಡು, ಸಾಕು ಎನ್ನುವ ಮೂರು ಮಾತು ಕಲಿಯಬೇಕಾಯಿತು. ಕಲಿತರು. ಸದಾಶಿವ ಪೇಠೆಯ ಒಬ್ಬ ನಿವೃತ್ತ ಹೆಡ್‌ಮಾಸ್ತರರಂತೂ ಉಚ್ಚಾರ ಸರಿಯೇ ಎಂದು ನನ್ನ ಟೇಬಲ್ಲಿಗೆ ಬಂದು ಒಪ್ಪಿಸಿ ಹೋಗುತ್ತಿದ್ದರು. ಹಿತ್ತಲ ಗೂಡಿನಲ್ಲಿ ಎರಡು ಮೊಲಗಳೂ ಇದ್ದವು, ಶನಿವಾರ ಬರುವ ಮಕ್ಕಳಿಗಾಗಿ. ಅವಕ್ಕೆ ಯಾವ ಭಾಷೆಯೂ ತಿಳಿಯುತ್ತಿರಲಿಲ್ಲ, ಮೆಂತ್ಯೆಸೊಪ್ಪು ಮಾತ್ರ ತಿಳಿಯುತ್ತಿತ್ತು.

ಕಾಕಾನ ಕೆಲಸಕ್ಕೆ ಒಂದು ಕ್ರಮವಿತ್ತು. ಬೆಳಿಗ್ಗೆ ಹತ್ತಕ್ಕೆ ಶೇಂಗಾನ ಕೊರಳಿಗೆ ಒಂದು ಹಳದಿ ಬಟ್ಟೆ ಕಟ್ಟುತ್ತಿದ್ದರು. ಕಟ್ಟಿದರೆ ಡ್ಯೂಟಿ, ಒಳಗೆ ಪೇಶಂಟುಗಳ ಜೊತೆ ಕೂಡುವುದು. ಕಟ್ಟಿದ ಕ್ಷಣ ಆ ನಾಯಿಯ ನಡಿಗೆಯೇ ಬದಲಾಗುತ್ತಿತ್ತು. ಬೊಗಳುವುದಿಲ್ಲ, ನೆಕ್ಕುವುದಿಲ್ಲ, ಓಡುವುದಿಲ್ಲ. ಸಂಜೆ ಬಟ್ಟೆ ಬಿಚ್ಚಿ "ಸಾಕು" ಎಂದರೆ ಮುಗಿಯಿತು, ಹಿತ್ತಲ ತುಂಬ ಓಡಿ, ಮಣ್ಣಲ್ಲಿ ಹೊರಳಿ, ಮೊಲಗಳ ಗೂಡಿನ ಮುಂದೆ ನಿಂತು ಬಾಯಿಗೆ ಬಂದಂತೆ ಬೊಗಳುತ್ತಿತ್ತು. ಇನ್ನೊಂದು ನಿಯಮ: ಕೋಣೆಯೊಳಗೆ ನಾಯಿ ತಾನಾಗಿ ಯಾರನ್ನೂ ಮುಟ್ಟುವ ಹಾಗಿಲ್ಲ. ಪೇಶಂಟಿನ ಕೈಯೇ ಕೆಳಗೆ ಇಳಿದು ಬರಬೇಕು. ಬರದಿದ್ದರೆ ಶೇಂಗಾ ಅವರ ಕುರ್ಚಿಯಿಂದ ಒಂದು ಮೊಳ ದೂರದಲ್ಲಿ ಕೂತಿರುತ್ತಿತ್ತು, ಕಾಕಾ ಗೋಡೆ ನೋಡುತ್ತ ಸ್ಟೂಲಿನ ಮೇಲೆ.

ಪ್ರತಿ ಪೇಶಂಟು ಹೋದ ಮೇಲೆ ಅವರು ಶೇಂಗಾನನ್ನು ಹಿತ್ತಲಿಗೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಬೇವಿನ ಮರದ ಕೆಳಗೆ ಒಂದು ಬಕೆಟ್ಟಿನಲ್ಲಿ ಅದರ ಸೊಪ್ಪು ಕುದಿಸಿದ ನೀರು. ಅದರಲ್ಲಿ ಹಳೆಯ ಟವೆಲು ಅದ್ದಿ, ಹಿಂಡಿ, ತಲೆಯಿಂದ ಬಾಲದವರೆಗೆ ಒರೆಸುತ್ತಿದ್ದರು. ನಾನು ಒಮ್ಮೆ, ಕೀಟ ಹತ್ತಬಾರದು ಎಂದೇ ಎಂದು ಕೇಳಿದೆ. ಅವರು ಒರೆಸುತ್ತಲೇ ಹೇಳಿದರು: "ಕೀಟಲ್ಲ ತಂಗೀ. ಮಂದಿ ದುಃಖ ಮೈಗೆ ಹತ್ತಿರ್ತದ. ಒರಸಲಿಕ್ಕ ಬೇಕು. ಇಲ್ಲಾಂದ್ರ ಮುಂದಿನವ್ರಿಗೆ ಹತ್ತತದ, ಇದಕ್ಕೂ ಭಾರ ಆಗ್ತದ." ನನಗೆ ನಗು ಬಂದಿತ್ತು. ಡಾಕ್ಟರ್‌ಬಾಯಿಗೆ ಹೇಳಿದಾಗ ಅವರು ನಗಲಿಲ್ಲ. ಅಪಾಯಿಂಟ್‌ಮೆಂಟುಗಳ ನಡುವೆ ಕಾಲು ಗಂಟೆ ಖಾಲಿ ಬಿಡು ಎಂದು ಹೇಳಿದರು.

ಇನ್ನೊಂದು ಸಂಗತಿ ಇಲ್ಲೇ ಹೇಳಿಬಿಡಬೇಕು. ಕೆಲಸಕ್ಕೆ ಸೇರಿದ ಮೊದಲ ವಾರ ಫೈಲುಗಳನ್ನು ಜೋಡಿಸುವಾಗ ಒಂದರ ಮೇಲೆ ಕಾಕಾನ ಹೆಸರು ಕಂಡಿತು. ನಾನು ಬಾಯಿ ಬಿಟ್ಟು ನೋಡಿದೆ. ಡಾಕ್ಟರ್‌ಬಾಯಿ ತಾವಾಗಿಯೇ ಹೇಳಿದರು. ಹೆಂಡತಿ ಹೋದ ಮೇಲೆ ಅವರು ಊಟ ಬಿಟ್ಟು, ಮಾತು ಬಿಟ್ಟು ಗೋಡೆಗೆ ಮುಖ ಮಾಡಿ ಕೂತಿದ್ದರಂತೆ. ಚಾಳಿನವರು ಕರೆತಂದಿದ್ದರು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲವೆಂದು ಮರಿನಾಯಿಯನ್ನೂ ಜೊತೆಗೆ ತರುತ್ತಿದ್ದರು. ವರಾಂಡದಲ್ಲಿ ಕಾಯುತ್ತಿದ್ದ ಬೇರೆ ಪೇಶಂಟುಗಳು ಆ ಮರಿಯ ಪಕ್ಕದಲ್ಲಿ ಶಾಂತವಾಗುತ್ತಿದ್ದುದನ್ನು ಡಾಕ್ಟರ್‌ಬಾಯಿ ನೋಡಿದರು. ಕಾಕಾ ಚೇತರಿಸಿಕೊಂಡ ಮೇಲೆ ಕೆಲಸ ಕೊಟ್ಟರು. ತಾನು ಕೆಲಸ ಕೊಟ್ಟವರಿಗೆ ತಾನೇ ಚಿಕಿತ್ಸೆ ಕೊಡಬಾರದು, ಒಬ್ಬನೇ ಮನುಷ್ಯ ಎರಡೂ ಕುರ್ಚಿಯಲ್ಲಿ ಕೂಡುವ ಹಾಗಿಲ್ಲ ಎನ್ನುವುದು ಅವರ ವೃತ್ತಿಯ ಶಿಸ್ತು. ಆದ್ದರಿಂದ ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ "ಈಗ ಸ್ಟಾಫ್" ಎಂದು ಬರೆದು, ಅದನ್ನು ಮುಗಿದ ಫೈಲುಗಳ ಕೆಳಗಿನ ಖಾನೆಗೆ ಹಾಕಲು ನನಗೆ ಕೊಟ್ಟರು. ನಾನೇ ಹಾಕಿದೆ. ಈ ಕೈಯಿಂದಲೇ.

ಪೇಶಂಟುಗಳ ಬಗ್ಗೆ ಹೆಚ್ಚು ಹೇಳುವ ಹಾಗಿಲ್ಲ, ಹೇಳುವುದೂ ಇಲ್ಲ. ಒಬ್ಬರ ಮಾತು ಮಾತ್ರ ಬೇಕು. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಹೆಂಗಸು. ಎಂಥ ಸೆಕೆಯಲ್ಲೂ ಬೂದುಬಣ್ಣದ ಶಾಲು ಹೊದ್ದು ಬರುತ್ತಿದ್ದರು. ನಾನು ಮನಸ್ಸಿನಲ್ಲೇ ಶಾಲುಬಾಯಿ ಎಂದು ಹೆಸರಿಟ್ಟಿದ್ದೆ. ಎಷ್ಟೋ ತಿಂಗಳು ಅವರು ಬಂದರು, ಕೂತರು, ಹೋದರು, ಮಾತಿಲ್ಲ. ಕೈ ಶಾಲಿನ ಒಳಗೇ. ಶೇಂಗಾ ಒಂದು ಮೊಳ ದೂರದಲ್ಲಿ, ಕಾಕಾ ಗೋಡೆಯ ಕಡೆ. ಒಂದು ದಿನ ನಾನು ಫೋನು ಬಂದಿದೆ ಎಂದು ಹೇಳಲು ಬಾಗಿಲು ಸರಿಸಿದ್ದೆ. ಶಾಲಿನಿಂದ ಒಂದು ಕೈ ಕೆಳಗೆ ಇಳಿದಿತ್ತು. "ಬಾ," ಎಂದರು ಶಾಲುಬಾಯಿ. ಅಷ್ಟು ತಿಂಗಳ ಮೇಲೆ ಆ ಕೋಣೆಯಲ್ಲಿ ಅವರಾಡಿದ ಮೊದಲ ಮಾತು ಕನ್ನಡದ್ದು. ಡಾಕ್ಟರ್‌ಬಾಯಿಯ ಕಣ್ಣು ತುಂಬಿತ್ತು. ಕಾಕಾ ತಿರುಗಿ ಕೂಡ ನೋಡಲಿಲ್ಲ. ಆದರೆ ಅವತ್ತು ಹಿತ್ತಲಿನಲ್ಲಿ ಶೇಂಗಾನನ್ನು ಒರೆಸುತ್ತ ಒರೆಸುತ್ತ ಮುಂದಿನ ಅಪಾಯಿಂಟ್‌ಮೆಂಟನ್ನೇ ಮರೆತರು, ನಾನು ಹೋಗಿ ಕೂಗಬೇಕಾಯಿತು.

ಹೀಗೆ ವರ್ಷಗಳು... ಎಷ್ಟೆಂದು ಲೆಕ್ಕ ಇಟ್ಟಿಲ್ಲ. ಶೇಂಗಾನ ಮೂತಿ ಬೆಳ್ಳಗಾಯಿತು. ಮೆಟ್ಟಿಲು ಹತ್ತುವಾಗ ನಿಂತು ನಿಂತು ಹತ್ತುತ್ತಿತ್ತು. ಒಂದು ಬೇಸಿಗೆಯಲ್ಲಿ ನೀರು ಕುಡಿದೇ ಕುಡಿಯಲಾರಂಭಿಸಿತು, ಊಟ ಬಿಟ್ಟಿತು. ದನದ ಡಾಕ್ಟರು ಕಿಡ್ನಿ ಹೋಗಿದೆ, ಹೆಚ್ಚೆಂದರೆ ಒಂದೆರಡು ತಿಂಗಳು ಎಂದರು.

ಡಾಕ್ಟರ್‌ಬಾಯಿ ಆ ವಿಷಯವನ್ನು ತುಂಬ ಜಾಣತನದಿಂದ ಎತ್ತಿಕೊಂಡರು, ಅದನ್ನು ಒಪ್ಪಬೇಕು. ಈ ಜನ ಮೊದಲೇ ಏನೇನನ್ನೋ ಕಳೆದುಕೊಂಡವರು, ಒಂದು ದಿನ ಬಂದು ನೋಡಿದರೆ ನಾಯಿ ಇಲ್ಲ ಎಂದಾಗಬಾರದು ಎಂದರು. ಶೇಂಗಾನ ಜೊತೆ ಕೂತ ಎಲ್ಲ ಪೇಶಂಟುಗಳ ಪಟ್ಟಿ ಮಾಡಲು ನನಗೆ ಹೇಳಿದರು. ಕಪಾಟಿನ ಮೇಲಿನ ಖಾನೆಗಳ ಫೈಲುಗಳನ್ನೆಲ್ಲ ತೆಗೆದು ನೋಡಿದೆ, ಇಪ್ಪತ್ಮೂರು ಹೆಸರಾದವು. ಪ್ರತಿಯೊಬ್ಬರಿಗೂ ಒಂದು ಗಂಟೆ, ನಾಯಿಗೆ ವಿದಾಯ ಹೇಳಲು. ಅದು ಸತ್ತ ಮೇಲೆ ಪ್ರತಿಯೊಬ್ಬರಿಗೂ ಫೋನು. ಆಮೇಲೆ ಇನ್ನೊಂದು ಗಂಟೆ, ಹೇಗೆ ಹೋಯಿತು ಎಂದು ಅವರು ಕೇಳಬಹುದು, ಕಾಕಾ ಹೇಳುತ್ತಾರೆ.

ಫೋನಿನಲ್ಲಿ ಏನು ಹೇಳಬೇಕೆಂದು ನನಗೆ ಪಾಠವಾಯಿತು. ಸತ್ತಿತು ಎಂದೇ ಹೇಳಬೇಕು. ಮಲಗಿತು, ದೇವರ ಹತ್ತಿರ ಹೋಯಿತು ಎನ್ನುವ ಹಾಗಿಲ್ಲ. ನಿದ್ದೆಗೆ ಹೆದರುವವರಿದ್ದಾರೆ, ದೇವರಿಗೆ ಹೆದರುವವರೂ ಇದ್ದಾರೆ. ಆಮೇಲೆ, ನಿಮಗೆ ಹೇಗನಿಸುತ್ತಿದೆ ಎಂದು ಕೇಳಬೇಕು. ಕೇಳಿ ಸುಮ್ಮನಿರಬೇಕು. ಅವರು ಮಾತಾಡುವವರೆಗೆ ಫೋನು ಇಡಬಾರದು, ತಾನೂ ಮಾತಾಡಬಾರದು. ಇದನ್ನು ಮರಾಠಿಯಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದೆ. ಡಾಕ್ಟರ್‌ಬಾಯಿ ಪೇಶಂಟಾಗಿ, ನಾನು ನಾನಾಗಿ, ಐದಾರು ಸಲ ತಾಲೀಮೂ ಆಯಿತು. ಅವರು ಭೇಷ್ ಎಂದರು.

ವಿದಾಯದ ಆ ದಿನಗಳಲ್ಲಿ ಕಾಕಾ ಎಂದಿನ ಹಾಗೆ ಹತ್ತಕ್ಕೆ ಹಳದಿ ಬಟ್ಟೆ ಕಟ್ಟುತ್ತಿದ್ದರು. ಶೇಂಗಾಗೆ ನಡೆಯಲಾಗುತ್ತಿರಲಿಲ್ಲ, ಎತ್ತಿಕೊಂಡೇ ಒಳಗೆ ಒಯ್ಯುತ್ತಿದ್ದರು. ಒಬ್ಬೊಬ್ಬರು ಬಂದು ಅತ್ತರು. ಹೆಡ್‌ಮಾಸ್ತರರು ನಾಯಿಯ ಕಿವಿಯಲ್ಲಿ "ಸಾಕು, ಸಾಕು" ಎಂದರಂತೆ. ಪ್ರತಿಯೊಬ್ಬರಾದ ಮೇಲೆ ಕಾಕಾ ಅದನ್ನು ಹಿತ್ತಲಿಗೆ ಒಯ್ದು, ತೊಡೆಯ ಮೇಲೆ ಮಲಗಿಸಿಕೊಂಡು ಒರೆಸುತ್ತಿದ್ದರು.

ಒಂದು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಫೋನು ಬಂತು. ಖಡಕಿ ಬಜಾರಿನ ಎಸ್‌ಟಿಡಿ ಬೂತಿನಿಂದ.

"ತಂಗೀ, ಶೇಂಗಾ ಇನ್ನ ಡ್ಯೂಟಿಗೆ ಬರಾಂಗಿಲ್ಲ," ಎಂದರು ಕಾಕಾ. "ಮುಂಜಾನೆ ಆತು."

ನನ್ನ ಮುಂದೆ ಪಟ್ಟಿ ಇತ್ತು, ಪಕ್ಕದಲ್ಲಿ ಬರೆದುಕೊಂಡ ಮಾತುಗಳಿದ್ದವು. ನಾನು ಹೇಳಿದ್ದು ಇಷ್ಟು: "ಅಯ್ಯ ಶಿವನ... ಕಾಕಾ, ಹತ್ತಕ್ಕ ಒಬ್ಬರು ಬರೂರಿದ್ದಾರಲ್ರಿ! ನೀವರೆ ಬರ್ತೀರಲ್ಲ?"

ಆ ಕಡೆ ಬಜಾರಿನ ಗದ್ದಲ ಕೇಳಿಸುತ್ತಿತ್ತು. "ಬರ್ತೀನಿ," ಎಂದರು. "ಬರ್ದ ಏನ್ ಮಾಡ್ಲಿ."

ಹತ್ತಕ್ಕೆ ಐದು ನಿಮಿಷವಿರುವಾಗ ಬಂದರು. ಇಸ್ತ್ರಿ ಪ್ಯಾಂಟು, ಕೈಯಲ್ಲಿ ಖಾಲಿ ಹಗ್ಗ. ಮುಖಕ್ಷೌರ ಮಾಡಿಕೊಂಡಿದ್ದರು. ನಾನು ಎದ್ದು ನಿಂತದ್ದು ನೆನಪಿದೆ, ಏನು ಹೇಳಿದೆನೋ... ಬಹುಶಃ ಚಹಾ ಬೇಕೇ ಎಂದು ಕೇಳಿರಬೇಕು. ಅಷ್ಟರಲ್ಲಿ ಹತ್ತರ ಪೇಶಂಟು ಬಂದರು, ಕಾಕಾ ಒಳಗೆ ಹೋದರು.

ಅವತ್ತು ನಾನು ಇಪ್ಪತ್ತಕ್ಕೂ ಹೆಚ್ಚು ಜನರಿಗೆ ಫೋನು ಮಾಡಿದೆ. ಸತ್ತಿತು ಎಂದೆ. ನಿಮಗೆ ಹೇಗನಿಸುತ್ತಿದೆ ಎಂದೆ. ಸುಮ್ಮನಿದ್ದೆ. ಒಬ್ಬರು ಏಳು ನಿಮಿಷ ಅತ್ತರು, ನಾನು ಗಡಿಯಾರ ನೋಡುತ್ತ ಫೋನು ಹಿಡಿದೇ ಕೂತಿದ್ದೆ. ಸಂಜೆ ಡಾಕ್ಟರ್‌ಬಾಯಿ ಬೆನ್ನು ತಟ್ಟಿದರು. ನನಗೂ ಹೆಮ್ಮೆಯಾಯಿತು, ಯಾಕೆ ಸುಳ್ಳು ಹೇಳಲಿ.

ಆಮೇಲಿನ ಮೂರು ವಾರ ಕಾಕಾ ಶೇಂಗಾನ ಸಾವನ್ನು ಇಪ್ಪತ್ತೆರಡು ಸಲ ಹೇಳಿದರು. ಒಂದೇ ಒಂದು ಹೆಸರು ಉಳಿದಿತ್ತು. ಶಾಲುಬಾಯಿ ಅಣ್ಣನ ಮನೆಗೆಂದು ಬಾರಾಮತಿಗೆ ಹೋಗಿದ್ದರು, ಸುದ್ದಿಯನ್ನು ಫೋನಿನಲ್ಲೇ ತಿಳಿಸಿದ್ದೆ. ಬಾಗಿಲ ಆಚೆಯಿಂದ ಕಾಕಾನ ಹಿಂದಿ ಬೆರೆತ ಮರಾಠಿ ಕೇಳಿಸುತ್ತಿತ್ತು. ದಿನವೂ ಅವೇ ಮಾತು: ಬೆಳಗಿನ ಜಾವ ನೀರು ಕೇಳಿತು, ಕೊಟ್ಟೆ, ಕುಡಿಯಲಿಲ್ಲ, ತಲೆ ನನ್ನ ಪಾದದ ಮೇಲೆ ಇಟ್ಟಿತು, ನೋವಾಗಲಿಲ್ಲ. ಕೇಳಿದವರು ಅತ್ತು, ಹಗುರಾಗಿ, ನನ್ನ ಟೇಬಲ್ಲಿನ ಹತ್ತಿರ ನಿಂತು "ಕಾಕಾ ಎಷ್ಟು ಗಟ್ಟಿ ಮನುಷ್ಯ ನೋಡಿ," ಎಂದು ಹೋಗುತ್ತಿದ್ದರು. ನಾವೂ ಹಾಗೇ ಅಂದುಕೊಂಡೆವು.

ಪ್ರತಿ ಪೇಶಂಟು ಹೋದ ಮೇಲೆ ಅವರು ಹಿತ್ತಲಿಗೆ ಹೋಗುತ್ತಿದ್ದರು. ಕಿಟಕಿಯಿಂದ ನನಗೆ ಕಾಣುತ್ತಿತ್ತು. ಬಕೆಟ್ಟಿನಲ್ಲಿ ಟವೆಲು ಅದ್ದುತ್ತಿದ್ದರು, ಹಿಂಡುತ್ತಿದ್ದರು, ಝಾಡಿಸಿ ತಂತಿಯ ಮೇಲೆ ಹಾಕುತ್ತಿದ್ದರು. ಒರೆಸಲು ಏನೂ ಇರಲಿಲ್ಲ. ರೂಢಿ, ಅಂದುಕೊಂಡು ನಾನು ಮುಂದಿನವರ ಹೆಸರು ಕೂಗುತ್ತಿದ್ದೆ.

ಇಪ್ಪತ್ತೆರಡನೆಯವರು ಆದ ಮರುದಿನ ಕಾಕಾ ಬರಲಿಲ್ಲ. ಅದರ ಮರುದಿನವೂ ಇಲ್ಲ. ವಿಶ್ರಾಂತಿ ತೆಗೆದುಕೊಳ್ಳಲಿ ಎಂದರು ಡಾಕ್ಟರ್‌ಬಾಯಿ. ನಾಲ್ಕನೆಯ ದಿನ ಅವರೇ ಎಲ್ಲಿಂದಲೋ ಒಂದು ಮರಿ ತರಿಸಿದರು, ಬಿಳಿ ಪಾದದ ಕರಿ ಮರಿ. ಕಾಕಾನಿಗೆ ಮುಟ್ಟಿಸಿ ಬಾ ಎಂದು ನನಗೆ ಹೇಳಿದರು. ನಾಯಿ ಮುಟ್ಟದ ನಾನು ಅದನ್ನು ಮುಚ್ಚಳದ ಬುಟ್ಟಿಯಲ್ಲಿಟ್ಟುಕೊಂಡು ರಿಕ್ಷಾದಲ್ಲಿ ಖಡಕಿ ಬಜಾರಿಗೆ ಹೋದೆ. ಬುಟ್ಟಿ ಕುಂಯ್ ಕುಂಯ್ ಎನ್ನುತ್ತಿತ್ತು.

ಕಾಕಾ ಬಾಗಿಲು ತೆಗೆದರು. ಗಡ್ಡ ಬೆಳೆದಿತ್ತು. ಅವರ ಗಡ್ಡ ನಾನು ನೋಡಿದ್ದು ಅದೇ ಮೊದಲು. ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಒಂದು ಕುರ್ಚಿ ಇತ್ತು. ಅದನ್ನು ನೋಡಿದರೂ ನನಗೆ ಹೊಳೆಯಲಿಲ್ಲ. ಬುಟ್ಟಿಯ ಮುಚ್ಚಳ ತೆಗೆದೆ. ಅವರು ಮರಿಯನ್ನು ಬಹಳ ಹೊತ್ತು ನೋಡಿದರು, ಮುಟ್ಟಲಿಲ್ಲ.

"ಇದು ಯಾರಿಗೆ ತಂಗೀ? ನನಗೋ, ಪೇಶಂಟಿಗೋ?"

"ಕ್ಲಿನಿಕ್ಕಿಗೆ ಕಾಕಾ. ನೀವು ಕಲಿಸ್ರಿ ಅಂದಾರ ಬಾಯಾರು."

"ಹೌದಲ್ಲ," ಎಂದರು. "ಕ್ಲಿನಿಕ್ಕಿಗಂದ್ರ ಕ್ಲಿನಿಕ್ಕಿನ್ಯಾಗ ಇರ್ಲಿ. ನನ್ನ ಕಡೆ ಆಗಾಂಗಿಲ್ಲ." ಆಮೇಲೆ, ನಮ್ಮ ಕಡೆಯವರಲ್ಲವೇ, ಬಂದವಳನ್ನು ಹಾಗೇ ಕಳಿಸಲಿಲ್ಲ. "ಚಹಾ ಕುಡದು ಹೋಗ್ರಿ," ಎಂದು ಸ್ಟೋವು ಹಚ್ಚಿದರು. ಕುಡಿದೆ. ನಾನು ಮೊಲಗಳ ಬಗ್ಗೆ ಮಾತಾಡಿದೆ, ಮಳೆ ತಡವಾಗಿದ್ದರ ಬಗ್ಗೆ ಮಾತಾಡಿದೆ. ಕಪ್ಪು-ಬಸ್ಸಿ ತೊಳೆದಿಟ್ಟು ಮರಿಯನ್ನು ವಾಪಸು ತಂದೆ.

ಮರುದಿನ ಶಾಲುಬಾಯಿ ಬಂದರು. ಕಾಕಾ ರಜೆಯಲ್ಲಿದ್ದಾರೆ, ಡಾಕ್ಟರ್‌ಬಾಯಿಯೇ ಎಲ್ಲ ಹೇಳುತ್ತಾರೆ ಎಂದೆ. ಅವರು ಒಳಗೆ ಹೋಗಲಿಲ್ಲ. ನನ್ನ ಟೇಬಲ್ಲಿನ ಮುಂದೆ ನಿಂತು ಮರಾಠಿಯಲ್ಲಿ ಕೇಳಿದರು: ನಮಗೆಲ್ಲ ನೀನು ಫೋನು ಮಾಡಿ ಕೇಳಿದೆ. ಕಾಕಾನನ್ನು ಯಾರು ಕೇಳಿದರು?

"ಕಾಕಾನೇ ನಮಗೆ ಫೋನು ಮಾಡಿ ತಿಳಿಸಿದರು," ಎಂದೆ, ದೊಡ್ಡ ಉತ್ತರ ಕೊಟ್ಟವಳಂತೆ.

"ಸರಿ. ಆಗ ನೀನು ಏನು ಕೇಳಿದೆ?"

ನಾನು ಪಟ್ಟಿ ನೋಡಿದೆ. ಒಂದರಿಂದ ಇಪ್ಪತ್ಮೂರು, ಎಲ್ಲದರ ಮುಂದೆ ಟಿಕ್ಕು. ಹತ್ತಕ್ಕೆ ಬರುತ್ತೀರಲ್ಲ ಎಂದು ಕೇಳಿದ್ದೆ. ಎಂಟು ತಿಂಗಳು ಮಾತಾಡದೆ ಕೂತಿದ್ದ ಹೆಂಗಸಿನ ಮುಂದೆ ನಾನು ಮೂಕಳಾಗಿ ನಿಂತೆ. ನಾಚಿಕೆಯಾಯಿತು. ಈಗಲೂ ಆಗುತ್ತದೆ.

ಡಾಕ್ಟರ್‌ಬಾಯಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು. ಮಂಡಿನೋವಿನ ಹೆಂಗಸು, ಕಪಾಟಿನ ಮುಂದೆ ನೆಲಕ್ಕೆ ಕೂತು, ಕೆಳಗಿನ ಖಾನೆಯ ಧೂಳಿನಿಂದ ಕಾಕಾನ ಆ ಫೈಲು ಎಳೆದು ತೆಗೆದರು. ಕೆಂಪು ಶಾಯಿಯ ತಮ್ಮ ಅಕ್ಷರವನ್ನು ನೋಡುತ್ತ ಬಹಳ ಹೊತ್ತು ಅಲ್ಲೇ ಕೂತಿದ್ದರು. "ತಪ್ಪು ನನ್ನದು," ಎಂದರು. ಅರ್ಧ ಅವರದು, ನಿಜ. ಇನ್ನರ್ಧ ನನ್ನದು. ಅವರಿಗೆ ಕನ್ನಡ ಬರುತ್ತಿರಲಿಲ್ಲ, ನನಗೆ ಬರುತ್ತಿತ್ತು.

ಅವತ್ತು ಮಧ್ಯಾಹ್ನದ ಅಪಾಯಿಂಟ್‌ಮೆಂಟುಗಳನ್ನೆಲ್ಲ ಬಿಟ್ಟು ಇಬ್ಬರೂ ಚಾಳಿಗೆ ಹೋದೆವು. ಬೀಗ. ಬೆಳಗಿನ ಬಸ್ಸಿಗೇ ಊರಿಗೆ ಹೋದರು ಎಂದರು ಪಕ್ಕದ ಮನೆಯವರು. ಕ್ಲಿನಿಕ್ಕಿನವರು ಬಂದರೆ ಕೊಡಿ ಎಂದು ಒಂದು ಚೀಲ ಇಟ್ಟು ಹೋಗಿದ್ದರು. ಹಗ್ಗ, ಬ್ರಶ್ಶು, ಊಟದ ಬೋಗುಣಿ, ಮಡಚಿದ ಹಳದಿ ಬಟ್ಟೆ. ಎಲ್ಲವನ್ನೂ ತೊಳೆದು, ಒಣಗಿಸಿ, ಬಟ್ಟೆಗೆ ಇಸ್ತ್ರಿ ಕೂಡ ಮಾಡಿದ್ದರು. ಸೈನ್ಯದ ಮನುಷ್ಯ, ನೌಕರಿ ಮುಗಿದ ಮೇಲೆ ಸಾಮಾನು ಒಪ್ಪಿಸಿ ಹೋಗಿದ್ದರು.

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ನಾಯಿಯ ಹೆಸರೆತ್ತಿದರೆ ಮೂಗು ಮುರಿಯುತ್ತಿದ್ದವಳು. ಕೇಳಿ ಮುಗಿಸಿ, "ನಿನ್ನೆ ಅವರ ಮನಿಗೆ ಹೋಗಿದ್ಯಲ್ಲ, ಮಾತಾಡಿಸಿ ಬಂದ್ಯೋ ಇಲ್ಲೋ?" ಎಂದಳು. ನಮ್ಮಲ್ಲಿ ಸಾವಾದ ಮನೆಗೆ ಹೋಗಿ, ಎದುರಿಗೆ ಕೂತು, ಹೀಗಾಯಿತಲ್ಲ ಎಂದು ನಾಲ್ಕು ಮಾತಾಡಿ ಬರುವುದಕ್ಕೆ ಮಾತಾಡಿಸಿ ಬರುವುದು ಎನ್ನುತ್ತಾರೆ. ವೈರಿಯ ಮನೆಗಾದರೂ ಹೋಗುತ್ತಾರೆ.

"ನಾಯಿ ಸತ್ತದ್ದಕ್ಕ ಯಾರರೆ ಮಾತಾಡಸ್ತಾರೇನವ್ವಾ?"

"ನಾಯಿಗಲ್ಲಲೇ ಖೋಡಿ, ಮನಶ್ಯಾಗ! ಇಷ್ಟ ಓದಿ ಇಷ್ಟೂ ತಿಳೀವಲ್ದೇನ ನಿಮಗ? ದೀಪದ ಬುಡಕ್ಕ ಕತ್ತಲಿ ಅಂತಾರಲ್ಲ, ಹಂಗಾತು ನಿಮ್ಮ ದವಾಖಾನಿ." ಅವತ್ತು ನಾನು ಬಟ್ಟೆ ಬದಲಿಸದೆ ಅಡುಗೆಮನೆಯಲ್ಲಿ ಕೂತಿದ್ದೆ. ಅವಳು ಅಲ್ಲೇ ನನಗೆ ತಾಟು ಹಾಕಿದಳು.

ಡಾಕ್ಟರ್‌ಬಾಯಿ ಪತ್ರ ಬರೆದರು, ನಾನು ಕನ್ನಡಕ್ಕೆ ಇಳಿಸಿ ಹಾಕಿದೆ. ಕ್ಷಮೆ ಕೇಳಿದ್ದರು. ಹೇಗಿದ್ದೀರಿ, ಬನ್ನಿ, ಬೇರೆ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ ಎಂದಿದ್ದರು. ಕೆಳಗೆ ನನ್ನದೂ ಒಂದು ಸಾಲು ಸೇರಿಸಬೇಕೆಂದು ಪೆನ್ನು ಹಿಡಿದು ಕೂತೆ... ಬರೆಯಲಿಲ್ಲ. ಒಂದು ತಿಂಗಳಾದ ಮೇಲೆ ಕಾರ್ಡು ಬಂತು. ಆರಾಮ ಇದ್ದೇನೆ. ತಂಗಿಯ ಮನೆಯಲ್ಲಿ ನಾಲ್ಕು ಆಡು ಇವೆ, ಹೇಳಿದ ಮಾತು ಕೇಳುವುದಿಲ್ಲ. ಮಳೆಗಾಲದಲ್ಲಿ ಮೊಲಗಳಿಗೆ ಹಸಿ ಸೊಪ್ಪು ಒರೆಸಿ ಹಾಕಬೇಕು. ಹಿತ್ತಲಲ್ಲಿ ಉಳಿದ ಟವೆಲು ಬಿಸಿಲಿಗೆ ಹಾಕಿರಿ, ನೆರಳಲ್ಲಿ ಒಣಗಿದರೆ ನಾತ ಬರುತ್ತದೆ. ಅಷ್ಟೇ. ಡಾಕ್ಟರ್‌ಬಾಯಿ ಎರಡು ಸಲ ಓದಿಸಿದರು. ಶೇಂಗಾನ ಬಗ್ಗೆ ಏನೂ ಇಲ್ಲವೇ ಎಂದರು. ಇಲ್ಲ ಎಂದೆ.

ಆಮೇಲೆ ಪತ್ರ ಹಾಕಿದರೂ ಉತ್ತರವಿಲ್ಲ. ಎರಡು ವರ್ಷದ ನಂತರ ಬೇರೆ ಯಾರದೋ ಅಕ್ಷರದಲ್ಲಿ ಒಂದು ಕಾರ್ಡು ಬಂತು, ಅವರು ತೀರಿಕೊಂಡರೆಂದು. ಎದೆನೋವಂತೆ. ಡಾಕ್ಟರ್‌ಬಾಯಿ ಬೇರೆ ನಾಯಿಯನ್ನು ಇಟ್ಟುಕೊಳ್ಳಲಿಲ್ಲ. ಕರಿ ಮರಿಯನ್ನು ಹೆಡ್‌ಮಾಸ್ತರರು ಒಯ್ದು ಸಾಕಿದರು, ಅದಕ್ಕೂ ಬಾ, ಕೂಡು, ಸಾಕು ಕಲಿಸಿದರಂತೆ. ಮೊಲಗಳನ್ನು ಅವು ಇರುವ ತನಕ ನಾನು ನೋಡಿಕೊಂಡೆ, ಮಳೆಗಾಲದಲ್ಲಿ ಸೊಪ್ಪು ಒರೆಸಿ ಹಾಕಿದೆ. ಡಾಕ್ಟರ್‌ಬಾಯಿ ವಯಸ್ಸಾಗಿ ಪ್ರ್ಯಾಕ್ಟೀಸು ಮುಚ್ಚುವಾಗ ಹಳೆಯ ಕಾಗದಗಳನ್ನೆಲ್ಲ ಹರಿದು ಹಾಕಲು ಹೇಳಿದರು. ಆ ಪಟ್ಟಿ ನನ್ನ ಕೈಗೆ ಸಿಕ್ಕಿತು. ಇಪ್ಪತ್ಮೂರರ ಕೆಳಗೆ ಇಪ್ಪತ್ನಾಲ್ಕು ಎಂದು ಹಾಕಿ ಕಾಕಾನ ಹೆಸರು ಬರೆದೆ. ಮುಂದೆ ಟಿಕ್ಕು ಹಾಕಲಿಲ್ಲ. ಆಮೇಲೆ ಅದನ್ನೂ ಹರಿದೆ. ಕೆಟ್ಟ ಮೇಲೆ ಬುದ್ಧಿ ಬಂತು ಅಂದರೆ ಇದೇ.

ಬಂಗಲೆ ಈಗ ಇಲ್ಲ. ಬೇವಿನ ಮರವೂ ಇಲ್ಲ. ಅವ್ವನೂ ಇಲ್ಲ.

ಲಿಫ್ಟು ಮೂರನೇ ಮಹಡಿ ದಾಟುತ್ತಿತ್ತು. ನಾಯಿ ಮೈ ಝಾಡಿಸಿತು, ನೀರೆಲ್ಲ ನನ್ನ ಸೀರೆಗೆ. "ಸಾರಿ ಆಂಟಿ, ಸಾರಿ," ಎಂದಳು ಹುಡುಗಿ. ನಾನು ಅವಳನ್ನು ನೋಡಲಿಲ್ಲ. ಮರಾಠಿಯಲ್ಲಿ ಅಷ್ಟು ಸಲ ಹೇಳಿದ ಮಾತು ಅಲ್ಲಿ ಕನ್ನಡದಲ್ಲಿ ತಾನಾಗಿ ಬಾಯಿಗೆ ಬಂತು. "ಶೇಂಗಾ ಸತ್ತಿತಲ್ರಿ ಕಾಕಾ... ನಿಮಗ ಹೆಂಗ ಅನಸ್ಲಿಕತ್ತದ?"

"ಕ್ಯಾ ಆಂಟಿ?" ಎಂದಳು ಅವಳು. ನಾನು ಸುಮ್ಮನಿದ್ದೆ. ಕೇಳಿದ ಮೇಲೆ ಸುಮ್ಮನಿರಬೇಕು, ಅವರು ಮಾತಾಡುವವರೆಗೆ. ನಾಲ್ಕು, ಐದು. ಆರನೆಯದರಲ್ಲಿ ಬಾಗಿಲು ತೆರೆಯಿತು, ಹುಡುಗಿ ತನ್ನ ನಾಯಿಯನ್ನು ಎಳೆದುಕೊಂಡು ಇಳಿದಳು. ನನ್ನ ಒಂಬತ್ತನೇ ಮಹಡಿಯವರೆಗೂ ನಾನು ಸುಮ್ಮನೇ ನಿಂತಿದ್ದೆ.